ದೆವ್ವ ಓಡಿಸಿದ ಮಾಸ್ತರರ ಮಗಳು

ಜಗದೇವ ಮಾಸ್ತರರ ಮನೆಗೆ ದೆವ್ವ ಬರುವುದಿಲ್ಲ. ಬರುವ ಧೈರ್ಯವೂ ಅದಕ್ಕಿಲ್ಲ. ಹುಣ್ಣಿಮೆಗೊಮ್ಮೆ ಬುದ್ಧವಿಹಾರದಲ್ಲಿ ಭಾಷಣ ಮಾಡಿ ಮಾಡಿ ಅತನೂರಿನ ಅರ್ಧ ದೆವ್ವಗಳನ್ನು ಊರು ಬಿಡಿಸಿದವರೇ ಅವರು. ಹಾಗಾಗಿ ಮಗಳು ಪಂಚಶೀಲಾಗೆ ಏನಾಗಿದೆ ಎಂಬುದನ್ನು ನಿಂತ ನಿಲುವಿನಲ್ಲೇ ತೀರ್ಮಾನಿಸಿಬಿಟ್ಟರು.

ಅಫಜಲಪುರದ ಶಾಲೆಗೆ ಪಾಠ ಹೇಳಲು ಹೋಗುವಾಗ ಅವಳ ಕಣ್ಣೆದುರೇ ಬೈಕಿನವನೊಬ್ಬ ಬಸ್ಸಿನ ಗಾಲಿಗೆ ಸಿಕ್ಕು ಸತ್ತಿದ್ದ. ಅಲ್ಲಿಂದಾಚೆ ಅವಳು ನಡುನಡುವೆ ಇಲ್ಲವಾಗುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು, ಕರೆದರೆ ಉತ್ತರವಿಲ್ಲ. ಒಮ್ಮೆ ಶಾಲೆಗೆಂದು ಹೊರಟವಳಿಗೆ ಅರಿವು ಬಂದಾಗ ಭೀಮಾ ಹೊಳೆಗೆ ಕಟ್ಟಿದ ಸೊನ್ನದ ಬ್ಯಾರೇಜಿನ ಮೇಲೆ ನಿಂತಿದ್ದಳು. ಹೇಗೆ ಬಂದೆನೆಂಬುದೇ ನೆನಪಿರಲಿಲ್ಲ.

"ಸತ್ತಾವನ ಗಾಳಿ ಬಡದದ ಸರ, ತಾಯಿತ ಕಟ್ಟಸ್ರಿ," ಎಂದಳು ನೆರೆಮನೆಯ ಪ್ಯಾರಿಬಿ.

"ದೆವ್ವ ಅನ್ನೂದೇ ಇಲ್ಲ. ಇಲ್ಲ ಅಂದಮ್ಯಾಲ ಇದು ನಾಟಕ," ಎಂದರು ಮಾಸ್ತರರು, ಮಗಳೆದುರೇ.

ದೆವ್ವಕ್ಕೆ ಪಂಚಶೀಲಾ ಹೆದರುವವಳಲ್ಲ. ಆದರೆ ಅಪ್ಪ ಹೇಳಿದ್ದೇ ನಿಜವಿದ್ದರೆ? ತನಗೇ ತಿಳಿಯದ ಹಾಗೆ ತಾನು ಕಳ್ಳಾಟ ಆಡುತ್ತಿದ್ದರೆ? ಇಂಥವಳು ಮಕ್ಕಳಿಗೆ ಏನು ಪಾಠ ಹೇಳಿಯಾಳು ಎಂದು ಕೆಲಸ ಬಿಡಲು ಮನಸ್ಸು ಮಾಡಿದಳು.

"ಡಾಕ್ಟರ ಬಾಯಿಂದನೇ ಬೈಸ್ತೇನಿ, ನಡಿ," ಎಂದು ಅಪ್ಪ ಕಲಬುರಗಿಗೆ ಕರೆದುಕೊಂಡು ಹೋದರು.

ಡಾಕ್ಟರ್ ಪ್ರಾಚಿ ಬೈಯಲಿಲ್ಲ. ಫಿಟ್ಸ್ ಅಲ್ಲವೆಂದು ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಂಡು ಹೇಳಿದರು: "ನಾಟಕ ಆಡೋರಿಗೆ ತಾವು ಆಡಾಕತ್ತೇವಿ ಅಂತ ಗೊತ್ತಿರ್ತದ್ರಿ. ನಿಮ್ಮ ಮಗಳಿಗಿ ಗೊತ್ತೇ ಇಲ್ಲ. ತಡಕೊಳ್ಳಾಕ ಆಗಲಾರದ್ದು ಕಂಡಾಗ ಮನಸ್ಸು ಒಮ್ಮೊಮ್ಮೆ ತಾನೇ ಬಾಗಲಾ ಹಾಕ್ಕೋತದ. ಡಿಸೋಸಿಯೇಶನ್ ಅಂತಾರ. ಮಾತಾಡಿಸಿಕೋತ ಆರಾಮ ಮಾಡಬಹುದು."

ಪಂಚಶೀಲಾ ಬಿಕ್ಕಿ ಬಿಕ್ಕಿ ಅತ್ತಳು. ಕಾಯಿಲೆ ಇದೆ ಎಂದು ಕೇಳಿ ಇಷ್ಟು ಹಗುರಾದವರು ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಹೊರಡುವಾಗ ಡಾಕ್ಟರು ಅಪ್ಪನಿಗೂ ಒಂದು ಕೆಲಸ ಹಚ್ಚಿದರು. ಮಗಳು ಮತ್ತೆ ಜಾರುವಂತೆ ಕಂಡರೆ ಗದರಿಸಬಾರದು, ಎದುರಿಗೆ ಕಾಣುವುದನ್ನು ಅವಳ ಬಾಯಿಂದ ಹೇಳಿಸಬೇಕು.

ಊರಿಗೆ ಮರಳುವಾಗ ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ಪಂಚಶೀಲಾಳ ಕಣ್ಣು ಮಂಜಾಯಿತು. ಜನರ ಗದ್ದಲ ದೂರ ಸರಿಯಿತು. ಯಾರೋ ಅವಳ ಕೈ ಹಿಡಿದರು.

"ಏನ್ ಕಾಣ್ತದ ಹೇಳವ್ವ. ನಾ ಇಲ್ಲೇ ಅದೇನಿ."

ಬಹಳ ಹೊತ್ತಿನ ಮೇಲೆ ಅವಳ ತುಟಿ ಅಲುಗಿತು. "ಅಪ್ಪಾ... ನಿಮ್ಮ ಅಂಗಿ ಗುಂಡಿ ಅದಲಬದಲ ಆಗ್ಯಾವ. ಮುಂಜಾನಿಂದ ಹಂಗೇ ಅವ."

"ಮತ್ತ ಆಗೇ ಯಾಕ ಹೇಳಲಿಲ್ಲ?"

"ಬೈತೀರಿ ಅಂತ."

ಮಾಸ್ತರರು ಗುಂಡಿ ಬಿಚ್ಚಿದರು. ಕಣ್ಣು ತುಂಬಿ ಬಂದು, ತಿರುಗಿ ಹಾಕಿಕೊಳ್ಳಲು ಅವರಿಗೆ ಕಾಣಲಿಲ್ಲ. ಮಗಳೇ ಹಾಕಿಕೊಟ್ಟಳು.