ದವಾಖಾನಿ ಬಾಗಿಲ ನೋಡುವ ಕ್ಯಾಮೆರಾ

ಗಜೇಂದ್ರಗಡದ ನೇಕಾರರ ಓಣಿಯೊಂದರಲ್ಲಿ ನೂಲು ಕಳುವಾಗತೊಡಗಿತ್ತು. ಬಣ್ಣ ಹಾಕಿ ಕಟ್ಟೆಯ ಮೇಲೆ ಒಣಗಲು ಬಿಟ್ಟ ನೂಲಿನ ಲಡಿಗಳು ಬೆಳಗಾಗುವುದರೊಳಗೆ ಮಾಯ. ಹೀಗಾಗಿ ಸರ್ಕಾರದವರು ಬಂದು ಮೂಲೆಯಲ್ಲಿ ಕ್ಯಾಮೆರಾ ಹಾಕುತ್ತೇವೆ ಅಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವಳು ಸುಶೀಲವ್ವ. ಮೂಲೆಯ ಮನೆ ಅವಳದೇ. ನನ್ನ ಗೋಡೆಗೇ ಹಾಕಿರಿ ಅಂದಳು, ಬಂದವರಿಗೆ ಚಹಾ ಕಾಸಿ ಕೊಟ್ಟಳು. ಕ್ಯಾಮೆರಾದ ಮುಖ ಎದುರಿನ ಸರ್ಕಾರಿ ದವಾಖಾನೆಯ ಕಡೆಗಿತ್ತು.

ಅದನ್ನು ಗಮನಿಸಿದವಳು ಆಶಾ ಕಾರ್ಯಕರ್ತೆ ಮುಮತಾಜಬಿ ಒಬ್ಬಳೇ. ಇದು ಹಾದುಹೋಗುವ ಪ್ರತಿಯೊಬ್ಬರ ಮುಖವನ್ನೂ ಗುರುತಿಸಿ ಕೂಡಿಡುವ ಕ್ಯಾಮೆರಾ, ಯಾರು ಯಾವತ್ತು ಯಾವ ಬಾಗಿಲಿಗೆ ಹೋದರೆಂದು ಹೇಳಬಲ್ಲದು, ಅದನ್ನೆಲ್ಲ ಯಾರು ನೋಡುತ್ತಾರೆಂದು ಕೇಳಿದಿರೇನು ಎಂದಳು. ಸುಶೀಲವ್ವ ನಕ್ಕುಬಿಟ್ಟಳು.

"ನೋಡ್ಲಿ ಬಿಡವಾ. ನಾವೇನ ಕಳ್ಳರೇನ? ಈ ಓಣ್ಯಾಗ ಯಾರ ಮಗ್ಗ ನಿಂತ್ರೂ ಎಲ್ಲಾರಿಗೂ ಗೊತ್ತಾಗತೈತಿ. ನಿನ್ನಿ ನಿನ್ನ ಗಂಡ ಪಲ್ಯಾ ಹೊತ್ತಿಸಿದ್ದೂ ನಮಗ ವಾಸನಿ ಬಂತು. ಇನ್ನ ಈ ಡಬ್ಬಿ ಹೊಸಾದ ಏನ ನೋಡತೈತಿ?"

"ಖರೇ ಐತಿ ಕಾಕು," ಅಂದಳು ಮುಮತಾಜಬಿ. "ಆದ್ರ ಮಗ್ಗ ನಿಂತ್ರ ನೀವು ಬಂದು 'ಯಾಕವಾ, ಆರಾಮ ಇಲ್ಲೇನ' ಅಂತ ಕೇಳ್ತೀರಿ. ಡಬ್ಬಿ ಕೇಳೂದಿಲ್ಲ. ನೀವು ನನ್ನ ನೋಡ್ತೀರಿ, ನಾನೂ ನಿಮ್ಮನ್ನ ನೋಡ್ತೀನಿ. ಡಬ್ಬಿ ಹಿಂದ ಕುಂತಾವ್ನ ನೀವು ಯಾವಾಗ ನೋಡೂದು?"

"ಭಾಳ ಓದೀದಿ ನೀ," ಎಂದು ಸುಶೀಲವ್ವ ಮಾತು ಮುಗಿಸಿದಳು.

ಆ ಮಳೆಗಾಲದಲ್ಲಿ ಸುಶೀಲವ್ವನ ಸೊಸೆ ಅನ್ನಪೂರ್ಣಳಿಗೆ ಕೆಮ್ಮು ಹತ್ತಿ ಬಿಡಲಿಲ್ಲ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ತಿಳಿಯಿತು. ಆರು ತಿಂಗಳು ಬಿಡದೆ ಗುಳಿಗೆ ತಗೊಂಡರೆ ಪೂರ್ತಿ ಗುಣವಾಗುತ್ತದೆ, ಅಂಜಬೇಡಿರಿ ಎಂದು ಮುಮತಾಜಬಿ ಧೈರ್ಯ ಹೇಳಿದಳು. ಅನ್ನಪೂರ್ಣಳಿಗೆ ರೋಗಕ್ಕಿಂತ ಸುದ್ದಿಯ ಅಂಜಿಕೆಯೇ ಹೆಚ್ಚು. ಅಬ್ಬಿಗೇರಿಯ ತವರಿನಲ್ಲಿ ತಂಗಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಅದಕ್ಕೇ ಮನೆಯವರು ಯಾರಿಗೂ ಹೇಳಲಿಲ್ಲ. ಅವಳು ಜನ ಕಡಿಮೆ ಇರುವಾಗ ಸೆರಗು ಹೊದ್ದು ಹೋಗಿ ಗುಳಿಗೆ ತರುತ್ತಿದ್ದಳು. ಕೆಮ್ಮು ತಗ್ಗಿತು, ಮುಖಕ್ಕೆ ಕಳೆ ಬಂತು.

ಒಂದು ಮುಂಜಾನೆ ಓಣಿಯವರ ಮೊಬೈಲುಗಳಿಗೆ ಒಂದು ಚಿತ್ರ ಬಂತು. ದವಾಖಾನೆಯ ಹೊರಗೋಡೆಯಲ್ಲಿ ಟೀಬಿ ಗುಳಿಗೆ ಕೊಡುವ ಕಿಟಕಿಯ ಮುಂದೆ ಅನ್ನಪೂರ್ಣ ನಿಂತಿದ್ದಳು. ಈ ಮನೆಯಲ್ಲಿ ನೀರು ಕುಡಿಯುವ ಮೊದಲು ವಿಚಾರ ಮಾಡಿರಿ ಎಂದು ಕೆಳಗೆ ಬರೆದಿತ್ತು. ಕ್ಯಾಮೆರಾದ ಚಿತ್ರ ನೋಡುವ ಕೋಣೆಯಲ್ಲಿ ಯಾರೋ ಪರದೆಯ ಫೋಟೋ ಹೊಡೆದಿದ್ದರು. ಯಾರೆಂದು ಇವತ್ತಿಗೂ ತಿಳಿದಿಲ್ಲ. ಅಬ್ಬಿಗೇರಿಯಲ್ಲಿ ತಂಗಿಗೆ ನೋಡಿದ್ದ ಸಂಬಂಧ ಮುರಿಯಿತು. ದಿನಾ ಸಂಜೆ ಕಟ್ಟೆಗೆ ಬಂದು ಕೂಡುತ್ತಿದ್ದ ಹೆಂಗಸರು ಬರುವುದನ್ನು ಬಿಟ್ಟರು.

ಅನ್ನಪೂರ್ಣ ತವರಿಗೆ ಹೋದಳು. ಅಬ್ಬಿಗೇರಿಯ ದವಾಖಾನೆಯಲ್ಲೇ ಗುಳಿಗೆ ತಗೊಳ್ಳುತ್ತಿದ್ದೇನೆ ಎಂದು ಮುಮತಾಜಬಿಗೆ ಫೋನಿನಲ್ಲಿ ಹೇಳಿದಳು. ಗಜೇಂದ್ರಗಡದಿಂದಲೇ ತಂದಿದ್ದೇನೆ ಎಂದು ತಾಯಿಗೆ ಹೇಳಿದಳು. ಎರಡೂ ಸುಳ್ಳು; ಅಲ್ಲಿಯೂ ಯಾರಾದರೂ ನೋಡಿಯಾರೆಂದು ಅಂಜಿ ದವಾಖಾನೆಯ ಕಡೆ ಹೋಗಿರಲೇ ಇಲ್ಲ. ಮರಳಿ ಬಂದಾಗ ಕಫದಲ್ಲಿ ರಕ್ತ ಬೀಳುತ್ತಿತ್ತು. ಅರ್ಧಕ್ಕೆ ಬಿಟ್ಟ ಔಷಧಿಯಿಂದ ಸಾಯದೆ ಉಳಿದ ರೋಗಾಣುಗಳೇ ಬೆಳೆದಿವೆ, ಇನ್ನು ಹಳೆಯ ಗುಳಿಗೆಗೆ ಅವು ಬಗ್ಗುವುದಿಲ್ಲ ಎಂದು ಡಾಕ್ಟರು ಗದಗಿನ ದೊಡ್ಡ ದವಾಖಾನೆಗೆ ಕಳಿಸಿದರು.

ಯಾಕೆ ಬಿಟ್ಟೆ ಎಂದು ಹಾಸಿಗೆಯ ಪಕ್ಕ ಕೂತು ಸುಶೀಲವ್ವ ಕೇಳಿದಳು.

"ದವಾಖಾನಿಗೆ ಹೋಗೂ ದಾರಿನ್ನ ನಮ್ಮ ಮನಿ ಗ್ವಾಡೀನ ನೋಡತಿತ್ತಲ್ರಿ ಅತ್ತಿ," ಅಂದಳು ಅನ್ನಪೂರ್ಣ.

ಸುಶೀಲವ್ವ ಮಗ ಈರೇಶನನ್ನು ಕರೆದುಕೊಂಡು ವಾರ್ಡಿನ ಸಭೆಗೆ ಹೋದಳು. ಸೊಸೆಯ ಮುಖ ನಿಮ್ಮಲ್ಲಿ ಎಷ್ಟು ದಿನ ಇರುತ್ತದೆ, ಯಾರು ಯಾರು ನೋಡಿದ್ದಾರೆ ಎಂದು ಕೇಳಿದಳು. ಬಂದ ಅಧಿಕಾರಿ ಅದೆಲ್ಲ ಮೇಲಿನವರಿಗೆ ಗೊತ್ತು ಅಂದರು. ಹಿಂದೆ ಕೂತಿದ್ದ ಪರಪ್ಪ ಎಂಬ ನೇಕಾರ, ಕ್ಯಾಮೆರಾ ಬೇಕಂತ ಕುಣಿದಾಕಿ ನೀನ ಅಲ್ಲೇನ ಎಂದು ಚುಚ್ಚಿದ.

"ಹೌದಪಾ, ನಾನ. ಕಳ್ಳನ್ನ ಹಿಡಿಯಾಕ ಕೇಳಿದ್ದೆ. ನನ್ನ ಸೊಸಿ ಜಡ್ಡು ಊರಿಗೆ ತೋರ್ಸಾಕ ಕೇಳಿದ್ದಿಲ್ಲ."

ಪರಪ್ಪ ತಲೆ ತಗ್ಗಿಸಿದ. ಅವನ ಮೊಬೈಲಿನಿಂದಲೂ ಆ ಚಿತ್ರ ಮುಂದಕ್ಕೆ ಹೋಗಿತ್ತು. ಅವತ್ತೇ ಮಾಹಿತಿ ಹಕ್ಕಿನ ಅರ್ಜಿಯನ್ನು ಮುಮತಾಜಬಿ ಬರೆದಳು, ಸುಶೀಲವ್ವ ಮೊದಲು ಸಹಿ ಮಾಡಿದಳು. ಉತ್ತರ ಇನ್ನೂ ಬಂದಿಲ್ಲ. ಅನ್ನಪೂರ್ಣ ಇನ್ನೂ ಗದಗಿನಲ್ಲೇ ಇದ್ದಾಳೆ. ಬದುಕುತ್ತಾಳೆಂದು ಡಾಕ್ಟರು ಗಟ್ಟಿಯಾಗಿ ಹೇಳುತ್ತಿಲ್ಲ.

ಓದುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಯಾರದಾದರೂ ಕಣ್ಣಿಗೆ ಅಂಜಿ ಔಷಧಿ ಬಿಟ್ಟಿದ್ದರೆ ಇವತ್ತೇ ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ. ಗುಳಿಗೆ ಮನೆಗೇ ತಂದುಕೊಡಲು ಕೇಳಿ. ಇಂಥ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಅದು ಅಲ್ಲೇ ನಿಲ್ಲಲಿ. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ದೇಶದ ಸುಪ್ರೀಂ ಕೋರ್ಟ್ ಹೇಳಿದೆ. ತಪ್ಪು ಮಾಡದವರಿಗೂ ಅದು ಬೇಕು. ನಿಮ್ಮ ಓಣಿಗೆ ಕ್ಯಾಮೆರಾ ಬಂದರೆ ಅದು ಏನನ್ನು ನೋಡುತ್ತದೆ, ಅದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ತಪ್ಪಾದರೆ ಯಾರನ್ನು ಹಿಡಿದು ಕೇಳಬೇಕು ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿ. ಬರವಣಿಗೆಯಲ್ಲಿ ಉತ್ತರ ಸಿಗುವ ತನಕ ಹೂಂ ಅನ್ನಬೇಡಿ.