ಗ್ರಹಣದ ಗುಂಪಿನಲ್ಲಿ ಪುಟ್ಟಲಕ್ಷ್ಮಿ

ಕೂಸು ತುಟಿ ಸೀಳಿಕೊಂಡು ಹುಟ್ಟಿದ್ದೇ ತಡ, ಚಿಕ್ಕಬೋರಮ್ಮ ತಪ್ಪನ್ನೆಲ್ಲ ಸೊಸೆಯ ತಲೆಗೇ ಕಟ್ಟಿಬಿಟ್ಟಳು. ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಾಳೆ, ಇಲ್ಲದಿದ್ದರೆ ಹೀಗಾಗುತ್ತಿತ್ತೇ? ಗ್ರಹಣದ ದಿನ ಅವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಮನೆಯವರೆಲ್ಲ ಕಾವೇರಿ ಸ್ನಾನಕ್ಕೆ ಹೋಗಿದ್ದರು.

ಬಾಣಂತಿ ಪುಟ್ಟಲಕ್ಷ್ಮಿ ಜ್ವರದಲ್ಲಿ ಬೇಯುತ್ತಲೇ ಗಂಡನ ಕೈ ಹಿಡಿದು, "ನಿಮ್ಮಾಣೆಗೂ ನಾನು ವಸ್ಲು ದಾಟ್ನಿಲ್ಲ" ಎಂದಳು. ಆ ಜ್ವರದಲ್ಲೇ ತೀರಿಕೊಂಡಳು. ಗಂಡ ಅಂದಾನಯ್ಯ ಆ ಒಂದು ಮಾತು ಹಿಡಿದುಕೊಂಡು ಶ್ರೀರಂಗಪಟ್ಟಣದ ಬೀದಿಬೀದಿಯಲ್ಲಿ ಜಗಳವಾಡಿದ. ತಾಯಿಯ ಬಾಯನ್ನೂ ಮುಚ್ಚಿಸಲು ನೋಡಿದ. ಮುಚ್ಚಿತೇ? ಚಿಕ್ಕಬೋರಮ್ಮನ ಬಾಯಿ ಅಷ್ಟು ಸುಲಭಕ್ಕೆ ಮುಚ್ಚುವಂಥದ್ದಲ್ಲ.

ಒಂದು ದಿನ ಅವನ ದಿನಸಿ ಅಂಗಡಿಯ ಎದುರಿಗಿದ್ದ ಫೋಟೊ ತೆಗೆಯುವ ಚಿಕ್ಕಸ್ವಾಮಿ ಅವನನ್ನು ಕೂಗಿ ಕರೆದ. ತಾಯಿಯೂ ಕೂಸನ್ನೆತ್ತಿಕೊಂಡು ಹಿಂದೆಯೇ ಬಂದು ಹೊರಗೆ ಜಗುಲಿಯಲ್ಲಿ ಕೂತಳು.

ಒಳಗೆ ಚಿಕ್ಕಸ್ವಾಮಿ ಒಂದು ಫೋಟೊ ಅವನ ಕೈಗಿಟ್ಟ. ಗ್ರಹಣದ ದಿನ ಪೇಟೆಬೀದಿಯಲ್ಲಿ ತೆಗೆದ ಫೋಟೊ ಅದು. ಊರಿಗೆ ಊರೇ ಕತ್ತೆತ್ತಿ ನಿಂತಿದೆ. ಪೇಟದವರು, ಟೋಪಿಯವರು, ಮಸಿ ಹಿಡಿಸಿದ ಗಾಜಿನ ಚೂರು ಕಣ್ಣಿಗಿಟ್ಟ ಮೇಷ್ಟರು. ಯಾರಿಗೂ ಪಕ್ಕದವರ ಮೇಲೆ ಗಮನವಿಲ್ಲ. ಮೂಲೆಯಲ್ಲಿ, ಸೆರಗನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಂಡು, ಆಕಾಶ ನೋಡಿ ಬಾಯ್ತುಂಬ ನಗುತ್ತಾ ಪುಟ್ಟಲಕ್ಷ್ಮಿ ನಿಂತಿದ್ದಾಳೆ.

ಅಂದಾನಯ್ಯನಿಗೆ, ನನ್ನ ಮೇಲೆ ಆಣೆಯಿಟ್ಟು ಸುಳ್ಳು ಹೇಳಿದಳಲ್ಲ ಎಂದು ಸಿಟ್ಟು ಉಕ್ಕಿತು. ಆ ನಗು ನೋಡುತ್ತ ನೋಡುತ್ತ ಸಿಟ್ಟು ಇಳಿದು ಅಳು ಬಂತು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ಅವನು ಕಂಡೇ ಇರಲಿಲ್ಲ. ಅವಳದೆಂದು ಇನ್ನೊಂದು ಫೋಟೊವೂ ಇರಲಿಲ್ಲ.

"ಅತ್ಗೆ ಮುಖ ಎಷ್ಟು ಚೆಂದಾಗಿ ಬಂದದೆ ನೋಡಣ್ಣ. ದೊಡ್ದು ಮಾಡಿ ಕಟ್ಟಾಕಿಸ್ಕೊಡ್ತೀನಿ" ಎಂದ ಚಿಕ್ಕಸ್ವಾಮಿ.

"ಬ್ಯಾಡ. ಇದ್ರ ಗಾಜು ಎಲ್ಲದೆ? ಅದ್ನೂ ಕೊಡು."

"ಪೆಟ್ಟಿಗೇಲಿ ಬಚ್ಚಿಟ್ಕೊಳಣ್ಣ. ಅವ್ವಂಗ್ಯಾಕೆ ತೋರುಸ್ಬೇಕು?"

"ಅವ್ವನ ಮಾತು ಬುಡ್ಲಾ. ನಾಳೆ ನನ್ ಮಗಳು ನೋಡುದ್ರೆ? ಎತ್ತವ್ವನೇ ನನ್ ತುಟಿ ಕೆಡಿಸುದ್ಲು ಅಂತ ಸಾಯೋಗಂಟ ಅನ್ಕೊತಾಳೆ."

ಇಷ್ಟು ದಿನ ಊರಿನ ಜೊತೆ ಕಾದಾಡಿದವನಿಗೂ ಈಗ ಒಳಗೊಳಗೇ ಹಾಗನ್ನಿಸಿಬಿಟ್ಟಿತ್ತು.

ಚಿಕ್ಕಸ್ವಾಮಿ ಫೋಟೊದ ಅಚ್ಚು ಮೂಡಿದ್ದ, ಮತ್ತೆ ಪ್ರತಿ ತೆಗೆಯಬಹುದಾದ ಗಾಜನ್ನು ತಂದುಕೊಟ್ಟ. ಅಂದಾನಯ್ಯ ಹೆಂಡತಿಯ ಮುಖವನ್ನು ಮತ್ತೊಮ್ಮೆ ನೋಡಿದ. ಫೋಟೊ ಹರಿದ. ಗಾಜನ್ನು ನೆಲಕ್ಕೆ ಅಪ್ಪಳಿಸಿದ.

"ಏನ್ಲಾ ಅದು ಒಡೆದದ್ದು?" ಜಗುಲಿಯಿಂದ ತಾಯಿ ಕೂಗಿದಳು. "ಯಾರ ಫೋಟೊವಂತೆ?"

"ಯಾರೋ ಗೊತ್ತಿಲ್ಲ ಕಣವ್ವ. ನಮ್ಮೋರಲ್ಲ" ಎಂದು ಅಂದಾನಯ್ಯ ಹೊರಗೆ ಬಂದು ಕೂಸನ್ನೆತ್ತಿಕೊಂಡ.