ಉಸಿರು ಕಟ್ಟಿದ ಗೋಡೆ

ಎಂಟು ದಿನ ಬಿಡದೆ ಕಚ್ಚಿ ಹಿಡಿದಿದ್ದ ಹಿಮ ಅಂದು ಬೆಳಿಗ್ಗೆ ಸಡಿಲಿ, ಬಿಸಿಲು ಬಿದ್ದಿತ್ತು. ಎಲ್ಮ್‌ಕೂಮ್ ಊರಿನ ಹುಲ್ಲುಮಾಡುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಊರಿಗೆಲ್ಲ ಹಿತವಾದ ಆ ಬಿಸಿಲು ಹೆಡ್ಲಿ ಮೇಸ್ತ್ರಿಯ ಎದೆಯನ್ನು ಮಾತ್ರ ಸುಡುತ್ತಿತ್ತು.

ಆರುನೂರು ವರ್ಷ ಹಳೆಯ ಚರ್ಚಿನ ಗೋಪುರದ ಬುಡದಲ್ಲಿ ಅವನು ತಲೆಯೆತ್ತಿ ನಿಂತಿದ್ದ. ದಕ್ಷಿಣದ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಹನ್ನೆರಡು ವರ್ಷದ ಹಿಂದೆ ಆ ಗೋಡೆಯ ಕಲ್ಲುಸಂದುಗಳಿಗೆ ಸಿಮೆಂಟು ಮೆತ್ತಿದವನು ಅವನೇ. ಹಳೆಯ ಕಲ್ಲು ಉಸಿರಾಡುವುದು ಸುಣ್ಣದ ಗಾರೆಯಲ್ಲಿ. ಸಿಮೆಂಟು ಅದರ ಬಾಯಿ ಕಟ್ಟಿತು. ಒಳಗೆ ಸೇರಿದ ನೀರು ಹೊರಬರಲಾರದೆ, ಹೆಪ್ಪುಗಟ್ಟಿ, ಕಲ್ಲನ್ನೇ ಸೀಳಿತು. ಇಷ್ಟು ದಿನ ಆ ಮಂಜುಗಡ್ಡೆಯೇ ಗೋಡೆಯನ್ನು ಹಿಡಿದುಕೊಂಡಿತ್ತು. ಈಗ ಅದೂ ಕರಗುತ್ತಿದೆ. ಹತ್ತಕ್ಕೆ ಮದುವೆಯ ಗಂಟೆ. ಆರು ದೊಡ್ಡ ಗಂಟೆಗಳು ಒಟ್ಟಿಗೆ ತೂಗಿದರೆ ಗೋಪುರವೂ ತೂಗುತ್ತದೆ. ಹಗ್ಗ ಎಳೆಯುವ ಆರು ಜನ ಅದರ ಕೆಳಗೇ.

ಆ ಸಿಮೆಂಟು ಹಾಕುವ ಮೊದಲೇ ಮುದುಕ ಸೈಲಸ್ ಮೇಸ್ತ್ರಿ ಹೇಳಿದ್ದ, ಸುಣ್ಣವೇ ಆಗಬೇಕು, ಒಂದು ಬೇಸಿಗೆ ಪೂರ್ತಿ ಬೇಕು ಎಂದು. ಹೆಡ್ಲಿ ಹೆಂಡದಂಗಡಿಯಲ್ಲಿ ಎಲ್ಲರೆದುರು ಅವನನ್ನು ಆಡಿಕೊಂಡು ನಕ್ಕು, ಮೂರು ವಾರದಲ್ಲಿ ಮುಗಿಸುತ್ತೇನೆಂದು ಕೆಲಸ ಕಸಿದುಕೊಂಡಿದ್ದ. ಸೈಲಸ್ ಮತ್ತೆ ಕರಣೆ ಹಿಡಿಯಲಿಲ್ಲ. ಹಾಗೇ ಮಣ್ಣಾದ. ಈಗ ಗಂಟೆ ಹೊಡೆಯುವವರ ಮುಂದಾಳು ಅವನ ಮಗಳು ಎಥೆಲ್.

ಹೆಡ್ಲಿ ಒಳಗೆ ಹೋದ.

"ಏನ್ ಮೇಸ್ತ್ರಿಗಳೇ, ದೇವರ ಮನೆ ದಾರಿ ಇವತ್ತು ನೆನಪಾಯ್ತಾ?" ಬೇಕರಿಯ ಪರ್ಸಿ ಹಗ್ಗ ಹಿಡಿದೇ ನಕ್ಕ. "ಮದುವೆ ಕೇಕಿನ ವಾಸನೆ ಎಳ್ಕೊಂಡು ಬಂತು ಅನ್ಸುತ್ತೆ!"

"ಗಂಟೆ ಹೊಡೀಬೇಡಿ."

"ಇನ್ನೆರಡು ನಿಮಿಷ ಇದೆ ಅಷ್ಟೆ," ಎಂದಳು ಎಥೆಲ್, ಅವನತ್ತ ನೋಡದೆ. "ಹುಡುಗಿ ಗೇಟಿಗೆ ಬಂದಾಯ್ತು. ದಾರಿ ಬಿಡಿ."

ಹಿಮದಿಂದ ಬಿರುಕು ಬಿಟ್ಟಿದೆ ಎನ್ನಬಹುದಿತ್ತು. ಸುಳ್ಳೂ ಅಲ್ಲ. ಆದರೆ ಹಿಮದ ಮೇಲೆ ಹೊರಿಸಿದರೆ ನಾಳೆ ಇನ್ನೊಬ್ಬ ಬಂದು ಮತ್ತೆ ಸಿಮೆಂಟನ್ನೇ ಮೆತ್ತುತ್ತಾನೆ. ಮೇಲೆಲ್ಲೋ ಪುಡಿಕಲ್ಲು ಉದುರಿದ ಸದ್ದು. ಎಥೆಲ್ ಹಗ್ಗಕ್ಕೆ ಕೈ ಎತ್ತಿದಳು.

"ಗೋಡೆ ನಿಲ್ಲಲ್ಲ ಕಣಮ್ಮ! ನಾನು ಹಾಕಿದ ಸಿಮೆಂಟೇ ಅದನ್ನ ತಿಂದುಹಾಕಿದೆ. ನಿಮ್ಮಪ್ಪ ಹೇಳಿದ್ದೇ ಸರಿ. ಗೊತ್ತಿದ್ದೂ ನಕ್ಕೆ ನಾನು."

ಎಥೆಲ್ ಅವನ ಮುಖವನ್ನೇ ನೋಡಿದಳು. ಆಮೇಲೆ ಹಗ್ಗ ಬಿಟ್ಟಳು.

"ಎಲ್ಲಾ ಕೈ ಬಿಡಿ. ಉತ್ತರದ ಬಾಗಿಲಿಂದ ಆಚೆ ನಡೀರಿ. ಪರ್ಸಿ, ಓಡು, ಜನಾನ ಗೇಟಲ್ಲೇ ತಡಿ!"

ಅವರು ಚರ್ಚಿನ ಅಂಗಳದ ಸಮಾಧಿಗಳ ನಡುವೆ ಬಂದು ನಿಂತು ಕಾಲು ಗಂಟೆಯೂ ಆಗಿರಲಿಲ್ಲ, ದಕ್ಷಿಣದ ಗೋಡೆ ಒಂದು ಗಾಡಿಯಷ್ಟು ಕಲ್ಲನ್ನು ಕಾರಿಕೊಂಡಿತು. ಪಾದ್ರಿಗಳು ಕಣ್ಣು ಮುಚ್ಚಿ ದೇವರನ್ನು ನೆನೆದರು.

"ಸುಣ್ಣ ಹದ ಮಾಡೋದು ಈ ಊರಲ್ಲಿ ಇನ್ಯಾರಿಗೆ ಗೊತ್ತು?" ಎಂದು ಅವರು ಆಮೇಲೆ ಕೇಳಿದರು.

"ಅಪ್ಪನ ಜೊತೆ ನಾನೇ ಕಲಸ್ತಿದ್ದೆ," ಎಂದಳು ಎಥೆಲ್.

ಗೋಪುರದ ಬೀಗದ ಕೈ ಊರ ಮೇಸ್ತ್ರಿಯ ಬಳಿ ಇರುವುದು ವಾಡಿಕೆ. ಮೂವತ್ತು ವರ್ಷ ಅದು ಸೈಲಸನ ಸೊಂಟದಲ್ಲಿತ್ತು. ಹೆಡ್ಲಿ ಅದನ್ನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ.